ಉಪಗ್ರಹ ಕಂಡ ಬಿರಿಯಾನಿ ಶೆಡ್ಡು

ಹುಣಸೂರಿನಲ್ಲಿ ನನ್ನದೊಂದು ಸೌದೆ ಡಿಪೋ ಇದೆ. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗಳಿಗೂ, ಅಂದರೆ ಬ್ಯಾರನ್‌ಗಳಿಗೂ, ಸೌದೆ ಹಾಕುತ್ತೇನೆ, ಮದುವೆ ಅಡುಗೆಯವರಿಗೂ ಹಾಕುತ್ತೇನೆ. ಬ್ಯಾರನ್ನಿನ ಒಲೆಗೆ ಆಳುದ್ದದ ದಿಮ್ಮಿ ಬೇಕು, ಬಿರಿಯಾನಿ ಬೇಯಿಸುವ ಹಂಡೆಯಂಥ ದೇಗಿಗೆ ಮೊಳದುದ್ದದ ಸೀಳು ಸಾಕು. ಸೌದೆ ಮುಟ್ಟಿದ ಯಾರಿಗಾದರೂ ಈ ವ್ಯತ್ಯಾಸ ಗೊತ್ತು. ಆಕಾಶದಲ್ಲಿ ಸುತ್ತುವ ಬುದ್ಧಿವಂತರಿಗೆ ಮಾತ್ರ ಗೊತ್ತಿಲ್ಲ.

ಊರಾಚೆ ಒಬ್ಬ ಅಡುಗೆ ಭಾಯ್ ಇದ್ದಾರೆ. ಬೆಂಕಿ ಆರಿ ವರ್ಷಗಳಾದ ಬ್ಯಾರನ್ ಒಂದನ್ನು ಬಾಡಿಗೆಗೆ ಹಿಡಿದು ಅಡುಗೆ ಶೆಡ್ಡು ಮಾಡಿಕೊಂಡಿದ್ದಾರೆ. ಅವತ್ತು ನಾನು ಸೌದೆ ಇಳಿಸುತ್ತಿದ್ದೆ. ಮಾರನೆಯ ದಿನ ದೊಡ್ಡ ಮದುವೆಯ ಊಟ. ಜೀಪಿನಲ್ಲಿ ಬಂದ, ಹೊಗೆಸೊಪ್ಪಿನ ಲೈಸೆನ್ಸ್ ನೋಡುವ ಅಧಿಕಾರಿಯ ಒಂದು ಕೈಯಲ್ಲಿ ಟ್ಯಾಬು, ಇನ್ನೊಂದರಲ್ಲಿ ಬೀಗ. ಶೆಡ್ಡಿನ ಬಾಗಿಲನ್ನು ತಾವೇ ಎಳೆದು ಮುಚ್ಚಿದರು.

"ಲೈಸೆನ್ಸ್ ಇಲ್ಲದ ಬ್ಯಾರನ್ ಇದು. ಸೀಲ್ ಮಾಡ್ಬೇಕು."

"ಬ್ಯಾರನ್ನಾ? ಒಳಕ್ ಬನ್ನಿ ಸಾಬ್, ಮೂಟೆಗಟ್ಲೆ ಈರುಳ್ಳಿ ಹೆಚ್ಚಿಟ್ಟಿವ್ನಿ. ಹೊಗೆಸೊಪ್ಗೆ ಯಾರಾದ್ರೂ ಒಗ್ಗರಣೆ ಹಾಕ್ತಾರಾ?" ಎಂದರು ಭಾಯ್.

ಅಧಿಕಾರಿ ಒಳಗೆ ಕಾಲಿಡಲಿಲ್ಲ. ಟ್ಯಾಬನ್ನೇ ನಮ್ಮ ಮುಖಕ್ಕೆ ಹಿಡಿದರು. "ಡೀಪ್ ಲರ್ನಿಂಗ್ ಇದು. ಒಂದು ಬ್ಯಾರನ್ ಚಿತ್ರ ಕೊಟ್ರೆ ಸಾಕು, ನಾಲ್ಕು ತಾಲ್ಲೂಕಿನ ಉಪಗ್ರಹದ ಚಿತ್ರ, ಡ್ರೋನ್ ಚಿತ್ರ ಎಲ್ಲಾ ಜಾಲಾಡಿ ಅಂಥದ್ದನ್ನೇ ಹುಡುಕುತ್ತೆ. ಎತ್ತರದ ತಗಡಿನ ಮಾಡು, ಪಕ್ಕದಲ್ಲಿ ಸೌದೆ, ಬೂದಿ. ಎಲ್ಲಾ ಹೊಂದಿಕೆ ಆಗಿದೆ."

ಬಾಗಿಲು ಮುಂದಿದೆ, ಮೂಗು ಮುಖದಲ್ಲೇ ಇದೆ. ಆದರೂ ಈ ಮಹಾಶಯರಿಗೆ ಆಕಾಶದ ಸಾಕ್ಷಿಯೇ ಬೇಕು! ಭಾಯ್ ಬೆವೆತುಹೋಗಿದ್ದರು. ನಾಳೆ ಊಟ ತಪ್ಪಿದರೆ ಈ ಸುತ್ತಿನಲ್ಲಿ ಮತ್ಯಾರೂ ಅವರಿಗೆ ವೀಳ್ಯ ಕೊಡುವುದಿಲ್ಲ.

ಓದುವವರಿಗೊಂದು ಬುದ್ಧಿಮಾತು: ಯಂತ್ರ ಹೊಗಳುವವರ ಜೊತೆ ವಾದಕ್ಕಿಳಿಯಬೇಡಿ. ತಕ್ಕಡಿ ಮಾರುವವನನ್ನೇ ತಕ್ಕಡಿಯಲ್ಲಿ ಕೂರಿಸಿ.

"ಬಾಳ ಚೆನ್ನಾಗದೆ ಸಾರ್," ಎಂದೆ. "ಈ ಶೆಡ್ಡನ್ನೇ ಮಾದರಿಗೆ ಕೊಟ್ಟು ಇನ್ನೊಂದ್ಸಲ ಹುಡುಕ್ಸಿ. ನಾನೂ ನೋಡಿ ಕಲ್ತ್ಕತೀನಿ."

ಹೊಗಳಿಕೆಗೆ ಉಬ್ಬಿ ಒತ್ತಿದರು. ಸಾಲಾಗಿ ಚಿತ್ರಗಳು ಬಂದವು. ಒಂದು ಕೆ.ಆರ್. ನಗರದ ಕಡೆಯ ಆಲೆಮನೆ. ಇನ್ನೊಂದು ಕೋಟೆ ರಸ್ತೆಯ ಇಟ್ಟಿಗೆ ಗೂಡು. ಎರಡೂ ನನ್ನ ಗಿರಾಕಿಗಳವೇ. ಮೂರನೆಯದರ ಮೇಲೆ ಬೆರಳಿಟ್ಟೆ.

"ಇದ್ಯಾವ್ದು ಹೇಳಿ?"

"ಯಾವ್ದೋ ಬ್ಯಾರನ್."

"ನಿಮ್ ಆಫೀಸಿನ ಹಿತ್ಲು ಸಾರ್. ಫೈಲ್ ತುಂಬ್ಕಂಡಿರೋ ಹಳೇ ಶೆಡ್ಡು. ಪಕ್ಕದಲ್ಲಿರೋದು ಗಾಳಿಗೆ ಬಿದ್ದ ಮರದ ತುಂಡು. ಹರಾಜಲ್ಲಿ ಕೂಗಿ ಸೋತೋನು ನಾನೇ. ಮೊದ್ಲು ಅಲ್ಲಿ ಬೀಗ ಹಾಕಿ, ಆಮೇಲೆ ಇಲ್ಲಿಗ್ ಬನ್ನಿ."

ಅಧಿಕಾರಿ ಚಿತ್ರವನ್ನು ಹಿಗ್ಗಿಸಿದರು. ಚಿತ್ರದ ಹಿತ್ತಲಲ್ಲಿ ಅವರು ಬಂದಿದ್ದ ಅದೇ ಜೀಪು ನಿಂತಿತ್ತು. ಮೇಲಿನವರಿಗೆ ಫೋನು ಮಾಡಲು ಬೇಲಿಯವರೆಗೆ ಹೋದರು. ಬರುವಾಗ ಬೀಗ ಜೇಬಿಗೆ ಇಳಿದಿತ್ತು.

"ಸೀಲ್ ಮಾಡಲ್ಲ. ಆದ್ರೆ ಪಟ್ಟಿಯಲ್ಲಿ ಬ್ಯಾರನ್ ಅಂತಲೇ ಇರುತ್ತೆ. ತೆಗೆಯೋ ಅಧಿಕಾರ ನಮಗಿಲ್ಲ."

ತಪ್ಪು ಹುಡುಕುವುದಕ್ಕೆ ಅಷ್ಟೊಂದು ಉಪಕರಣ, ತಿದ್ದುವುದಕ್ಕೆ ಒಂದು ಗುಂಡಿಯೂ ಇಲ್ಲ.

"ಇರ್ಲಿ ಬುಡಿ ಸಾಬ್," ಎಂದರು ಭಾಯ್. "ನಾಳೆ ಉಣ್ಣಾಕ್ ಬರೋರು ಪಟ್ಟಿ ನೋಡ್ಕಂಡ್ ಬರಲ್ಲ." ತಗಡಿನ ಬಾಗಿಲನ್ನು ಹಾರುಹೊಡೆದು, ದೇಗನ್ನು ಉರುಳಿಸಿಕೊಂಡು ಒಲೆಯತ್ತ ನಡೆದರು.