ಕೈಗವಸು ತೆಗೆಯದೆ ಬಿಚ್ಚುವ ನಟ್ಟು

ರ‍್ಯಾಲಿ ಕಾರುಗಳಿಗೆ ಶಾಕ್ ಅಬ್ಸಾರ್ಬರ್ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಆ ಆಟದಲ್ಲಿ ಗ್ರಾಮು ಗ್ರಾಮಿಗೂ ಜಗಳ. ಒಂದು ನಟ್ಟು ಸಣ್ಣದಾದರೂ ನಮಗೆ ಹಬ್ಬ. ಹಾಗಾಗಿ ಘಣಸೋಲಿಯ ನಮ್ಮ ವರ್ಕ್‌ಶಾಪಿಗೆ ಸೇನೆಯ ಜೀಪಿನ ಕೆಲಸ ಬಂದಾಗ, ಇದೇನು ಮಹಾ ಎಂದುಕೊಂಡೆ. ಕಲ್ಲುದಾರಿಯಲ್ಲಿ ಹಾರಿ ಬಿದ್ದರೂ ಮುರಿಯದ, ಎಂಟು ನಿಮಿಷದೊಳಗೆ ಬದಲಾಯಿಸಬಹುದಾದ ಶಾಕ್ ಅಬ್ಸಾರ್ಬರ್ ಮಾಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು, ದಿನಕ್ಕೆ ನಾಲ್ಕು ಸಲ ಅದನ್ನು ಮುಟ್ಟಿ ನೋಡುತ್ತಿದ್ದೆ.

ಹಿಮದ ಗುಡ್ಡಗಳಲ್ಲಿ ಜೀಪಿನ ಪರೀಕ್ಷೆ ನಡೆಯುವ ಮೊದಲು, ಅದನ್ನು ಓಡಿಸಲಿದ್ದ ಹವಾಲ್ದಾರರೊಬ್ಬರು ಕೆಲಸ ಕಲಿಯಲು ಬಂದರು. ಬಾಗಲಕೋಟೆ ಕಡೆಯವರು. ಗಡಿಯಾರ ಎದುರಿಗಿಟ್ಟುಕೊಂಡು ಬಿಚ್ಚಿ, ಮತ್ತೆ ಹಾಕಿ ತೋರಿಸಿದೆ. ಏಳೂವರೆ ನಿಮಿಷ.

ಅವರು ಚಹಾ ಮುಗಿಸಿ, "ಚಲೋ ಐತ್ರಿ. ಕೈಗವಸು ಹಾಕ್ಕೊಂಡು ಬಿಚ್ಚಾಕ ಬರತೈತೇನ್ರಿ?" ಎಂದರು.

"ಬಿಚ್ಚುವಾಗ ತೆಗೆದ್ರಾಯ್ತಲ್ಲ ಮಾರಾಯ್ರೆ" ಎಂದೆ. ನನಗೆ ಸಿಟ್ಟೇ ಬಂದಿತ್ತು.

ಅವರು ಬಲಗೈ ಚಾಚಿದರು. ತೋರುಬೆರಳಿನ ತುದಿ ಇರಲಿಲ್ಲ. "ನಾನೂ ಹಂಗ ಅಂದ್ಕೊಂಡ ತಗದಿದ್ದೆರಿ. ಒಂದ ನಟ್ಟಿನ ಸಲುವಾಗಿ. ಥಂಡಿ ತಿಂದ ಬಿಡ್ತು."

ನಾಚಿಕೆಯಾಯಿತು. ರ‍್ಯಾಲಿಯಲ್ಲಿ ಕಾರು ನಿಂತ ಕೂಡಲೇ ಆರು ಜನ ಬರಿಗೈಯಲ್ಲಿ ಮುತ್ತಿಕೊಳ್ಳುತ್ತಾರೆ. ಗುಡ್ಡದ ಮೇಲೆ ಈ ಮನುಷ್ಯ ಒಬ್ಬನೇ ಇರುತ್ತಾನೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆ ಸಂಜೆ ಡೊಂಬಿವಲಿಯ ಮನೆಯಲ್ಲಿ ಬಂಗುಡೆ ಮೀನಿಗೆಂದು ತಂದ ಐಸಿನೊಳಗೆ ಕೈ ಇಟ್ಟು, ಮರಗಟ್ಟಿದ ಮೇಲೆ ಉಣ್ಣೆಯ ಕೈಗವಸು ಹಾಕಿ, ನನ್ನ ಮುದ್ದಿನ ನಟ್ಟು ತಿರುಗಿಸಲು ಕೂತೆ. ಐದು ಸಲ ಬಿತ್ತು. ಐದನೆಯ ಸಲ ಫ್ರಿಜ್ಜಿನ ಅಡಿಗೆ ಹೋಯಿತು.

"ಎಂತ ಅವಸ್ಥೆ ಇದು? ಬಂಗುಡೆ ಎಲ್ಲಿಡುದು ಈಗ?" ಎಂದಳು ಹೆಂಡತಿ.

ಮರುದಿನದಿಂದ ಎಲ್ಲ ಮೊದಲಿಂದ. ಮೂರು ಅಳತೆಯ ನಟ್ಟುಗಳ ಬದಲು ಒಂದೇ ಅಳತೆ, ತಿರುಗಿಸಲು ಒಂದೇ ಪಾನಾ. ದಪ್ಪ ನಟ್ಟು, ಸಡಿಲಾದರೂ ಕಳಚಿ ಹಿಮಕ್ಕೆ ಬೀಳದ ಹಾಗೆ ಕೊಂಡಿ. ತೂಕ ಒಂದೂವರೆ ಕಿಲೋ ಏರಿತು. ಹಳೆಯ ರ‍್ಯಾಲಿ ಗೆಳೆಯರು ನೋಡಿದ್ದರೆ ನನಗೆ ಬಹಿಷ್ಕಾರ ಹಾಕುತ್ತಿದ್ದರು.

ಪರೀಕ್ಷೆಯ ವಾರವಿಡೀ ನನಗೆ ಅನ್ನ ಸೇರಲಿಲ್ಲ. ಗಾಡಿ ಮುರಿದರೆ ಇನ್ನೊಂದು ಮಾಡಬಹುದು. ನನ್ನ ನಟ್ಟಿಗಾಗಿ ಆತ ಮತ್ತೆ ಕೈಗವಸು ತೆಗೆದರೆ?

ಶನಿವಾರ ಮನೆಗೆ ಹೋಗುವಾಗ, ಠಾಣೆ ರೈಲು ನಿಲ್ದಾಣದಲ್ಲಿ ಲೋಕಲ್ ಬದಲಿಸುತ್ತಿದ್ದಂತೆ ಹವಾಲ್ದಾರರ ಫೋನ್ ಬಂತು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡೆ.

"ಸಾಹೇಬ್ರ, ದಾರ್‍ಯಾಗ ಬಿಚ್ಚಬೇಕಾಗಿ ಬಂತ್ರಿ. ಒಬ್ಬನ ಬಿಚ್ಚಿ ಹಾಕೀನಿ."

"ಎಷ್ಟು ನಿಮಿಷ ಆಯ್ತು?" ಹಳೆಯ ಚಾಳಿ, ಬಾಯಿಗೆ ಮೊದಲು ಬಂದದ್ದು ಅದೇ.

"ಇಪ್ಪತ್ತರ ಮ್ಯಾಲ ಆತ್ರಿ."

ನನ್ನ ಜನ್ಮದಲ್ಲಿ ಅಷ್ಟು ನಿಧಾನದ ಕೆಲಸವನ್ನು ನನ್ನದು ಎಂದು ಹೇಳಿಕೊಂಡಿರಲಿಲ್ಲ. "ಕೈ?" ಎಂದೆ.

ಅವರು ನಕ್ಕರು. "ಉಳಿದ ಒಂಬತ್ತೂ ಅದಾವ್ರಿ."

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಮನೆ ಕಡೆಗೆ ಹೋಗುವ ಕಲ್ಯಾಣ ಲೋಕಲ್ ಎರಡು ಹೋದವು, ಎರಡರಲ್ಲೂ ಜಾಗವಿತ್ತು. ಏಳಲು ಮನಸ್ಸಾಗಲಿಲ್ಲ. ಆಮೇಲೆ ಹೆಂಡತಿಗೆ ಫೋನ್ ಮಾಡಿ, ಬಂಗುಡೆ ತರುತ್ತೇನೆ, ಹಸಿವಾಗಿದೆ ಎಂದೆ.