ಗಲ್ಲಿಯ ಪರವಾಗಿ ಕಸ್ತೂರಿಬಾಯಿ

ಚೆಂಬೂರಿನ ಆ ಗಲ್ಲಿಯಲ್ಲಿ ನಾಲ್ಕು ಹಳೆಯ ಬಿಲ್ಡಿಂಗು, ಮೂರು ಮಳೆಮರ. ಮಧ್ಯಾಹ್ನ ಒಂದು ಸ್ಕೂಟರ್ ಹೋದರೆ ಯಾರ ಮನೆಯದೆಂದು ಸದ್ದಿನಲ್ಲೇ ಗುರುತು ಸಿಗುವಷ್ಟು ಶಾಂತಿ. ಗಲ್ಲಿಯ ಕೊನೆಗೆ, ಖಾಲಿ ಬಂಗಲೆಯ ಕಾಂಪೌಂಡಿಗೆ ಒರಗಿಸಿ ಕಟ್ಟಿದ ತಗಡಿನ ಖೋಲಿಯಲ್ಲಿ ಕಸ್ತೂರಿಬಾಯಿ ಇಪ್ಪತ್ತಮೂರು ವರ್ಷದಿಂದ ಇದ್ದಳು. ಜೇವರ್ಗಿ ಕಡೆಯವಳು. ಗಂಡ ಚಂದ್ರಾಮ ಅದೇ ಗಲ್ಲಿಯಲ್ಲಿ ಕೇಬಲ್ಲಿಗೆ ಗುಂಡಿ ತೋಡಲು ಬಂದವನು, ಕಾಮಾಲೆಯಾಗಿ ಅಲ್ಲೇ ತೀರಿಕೊಂಡ. ಅವಳು ಊರಿಗೆ ಮರಳಲಿಲ್ಲ. ಬೆಳಗ್ಗೆ ಗಲ್ಲಿ ಗುಡಿಸುವುದು, ಆಮೇಲೆ ನಾಲ್ಕು ಮನೆಯ ಪಾತ್ರೆ, ಬಟ್ಟೆ. "ನಮ್ಮ ಗಲ್ಲಿ" ಎನ್ನುತ್ತಿದ್ದಳು. ಯಾರೂ ತಿದ್ದಿರಲಿಲ್ಲ.

ಬಂಗಲೆ ಮಾರಾಟವಾಗಿ, ಇಪ್ಪತ್ತೆರಡು ಮಹಡಿಯ ಟವರ್ ಬರುತ್ತದೆಂದು ಬೋರ್ಡು ಬಿದ್ದಾಗ ಗಲ್ಲಿ ಎದ್ದು ನಿಂತಿತು. ಉಡುಪಿ ಕಡೆಯ ಹೋಟೆಲ್ ಮನೆತನದ ಹಿತೇಶ್ ಕಮಿಟಿಯ ಸೆಕ್ರೆಟರಿಯಾದ. ಬೆಳಕು ಹೋಗುತ್ತದೆ, ನೀರು ಸಾಲದು, ಲಾರಿ ಓಡಾಡಿದರೆ ಗೋಡೆ ಬಿರಿಯುತ್ತದೆ ಎಂದು ಆಕ್ಷೇಪಣೆಯ ಅರ್ಜಿ ಬರೆದು ನಲವತ್ತು ಸಹಿ ಕೂಡಿಸಿದ. ಕಡೆಗೆ ಕಸ್ತೂರಿಬಾಯಿಯ ಮುಂದೆಯೂ ಕಾಗದ ಹಿಡಿದ.

"ಬಾಯಿ, ನೀವೂ ಸೈನ್ ಮಾಡಿ. ನೀವೂ ಯಹಾಂ ಕೆ ರೆಸಿಡೆಂಟ್ ಅಲ್ವಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಒಂದು ಮಧ್ಯಾಹ್ನ ಬಿಲ್ಡರನ ಸೂಪರ್‌ವೈಸರ್ ರೋಶನ್ ಮರಗಳ ಬುಡಕ್ಕೆ ಕ್ಯಾನಿನಿಂದ ಆ್ಯಸಿಡ್ ಸುರಿಯುತ್ತಿದ್ದುದನ್ನು ನೋಡಿದವಳು ಅವಳೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಟವರಿನ ಹಿಂದೆ ಒಂದು ಪಕ್ಕಾ ಖೋಲಿ ಕೊಡಿಸುತ್ತೇನೆ ಎಂದ ಅವನು. ವಾರ್ಡ್ ಆಫೀಸಿನ ವಿಚಾರಣೆಯಲ್ಲಿ ಅವಳು ಎದ್ದು ನಿಂತು, ಆ್ಯಸಿಡ್ಡಿನ ಜೊತೆಗೆ ಆ ಖೋಲಿಯ ಮಾತನ್ನೂ ಹೇಳಿಬಿಟ್ಟಳು. ಕೆಲಸಕ್ಕೆ ತಡೆ ಬಿತ್ತು. ವಿಜೇತಾ, ಅವಳು ಪಾತ್ರೆ ತೊಳೆಯುವ ಮನೆಯ ಯಜಮಾನಿ, ಎಲ್ಲರೆದುರು ಅವಳ ಬಾಯಿಗೆ ಪೇಡ ಇಟ್ಟಳು. "ನಮ್ಮ ಕಸ್ತೂರಿ ಇಲ್ಲದಿದ್ರೆ ಎಂತ ಆಗ್ತಿತ್ತು ಮಾರಾಯ್ರೆ!"

ಕೆಲಸ ನಿಂತ ಮೇಲೆ ಸೈಟಿನ ಕೂಲಿಗಳಿಗೆ ಟ್ಯಾಂಕರ್ ಬರುವುದೂ ನಿಂತಿತು. ಸೈಟಿನವರಿಗೆ ನೀರು ಕೊಡಬಾರದು ಎಂದು ಕಮಿಟಿ ಹೇಳಿತ್ತು. ಶಹಾಪುರದ ಶೈಲಾ, ಏಳು ತಿಂಗಳ ಬಸುರಿ, ಗಲ್ಲಿಯ ನಳಕ್ಕೆ ಡಬ್ಬಿ ಹಿಡಿದಿದ್ದಳು. ಕಸ್ತೂರಿಬಾಯಿ ಓಡಿ ಬಂದು ನಳ ಬಂದ್ ಮಾಡಿದಳು.

"ಅಕ್ಕಾ, ನೀನೂ ನಮ್ ಕಡಿಯಾಕಿ. ಒಂದ್ ಡಬ್ಬಿ ತುಂಬಕೋತೀನಿ."

"ನಾ ಈ ಗಲ್ಲಿಯಾಕಿ. ನೀವು ಬಿಲ್ಡರನ ಮಂದಿ."

ಅರ್ಧ ತುಂಬಿದ ಡಬ್ಬಿಯನ್ನು ಕಸಿದು ಗಟಾರಕ್ಕೆ ಚೆಲ್ಲಿದಳು. ಮೇಲೆ ಬಾಲ್ಕನಿಯಲ್ಲಿ ನಿಂತಿದ್ದ ಹಿತೇಶ್ ಹೆಬ್ಬೆರಳು ಎತ್ತಿ ತೋರಿಸಿದ. ಅವಳಿಗೆ ಹೆಮ್ಮೆಯಾಯಿತು.

ನಾಲ್ಕು ತಿಂಗಳಿಗೆ ಬಿಲ್ಡರೂ ಕಮಿಟಿಯೂ ರಾಜಿಯಾದರು. ಲಾರಿಗಳು ಹಿಂದಿನ ರಸ್ತೆಯಿಂದ ಬರಬೇಕು. ನಾಲ್ಕೂ ಬಿಲ್ಡಿಂಗಿಗೆ ಹೊಸ ಗೇಟು, ಬಣ್ಣ, ಕ್ಯಾಮೆರಾ. ಒಣಗಿದ ಮರ ತೆಗೆಯಲು ಗಲ್ಲಿಯ ಅಡ್ಡಿ ಇಲ್ಲ. ಕೊನೆಯ ಸಾಲು: ರಸ್ತೆಯ ಮೇಲಿನ ಅತಿಕ್ರಮಣ ತೆರವಾಗಬೇಕು. ನಲವತ್ತು ಜನ ಸಹಿ ಹಾಕಿದರು. ಈ ಸಲ ಅವಳ ಬಳಿಗೆ ಯಾರೂ ಕಾಗದ ತರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಅತಿಕ್ರಮಣ ತೆರವಿನ ಗಾಡಿ ಬಂತು. ಕಸ್ತೂರಿಬಾಯಿ ವಿಜೇತಾಳ ಅಡುಗೆಮನೆಯಲ್ಲಿದ್ದಳು. ತಗಡು ಹರಿಯುವ ಸದ್ದು ಕೇಳಿ ಕಿಟಕಿಯಲ್ಲಿ ಇಣುಕಿದಳು.

"ಅಮ್ಮಾರ, ನನ್ ಮನಿ ಒಡೀಲತ್ತಾರ್ರೀ!"

ವಿಜೇತಾ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಗೊತ್ತುಂಟು. ಆ ಕುಕ್ಕರ್ ಒಂದು ತೊಳೆದು ಹೋಗು."

ಸೋಪಿನ ಕೈಯಲ್ಲೇ ಎರಡು ಮಹಡಿ ಇಳಿದು ಓಡಿದಳು. ಅಷ್ಟರಲ್ಲಿ ಖೋಲಿ ನೆಲಸಮವಾಗಿತ್ತು. ಟ್ರಂಕು, ಸ್ಟೋವು, ಚಂದ್ರಾಮನ ಫೋಟೋ ರಸ್ತೆಗೆ ಬಿದ್ದಿದ್ದವು. ಕೂಲಿಗಳ ಹೆಂಗಸರು ಸುತ್ತ ನಿಂತಿದ್ದರು. ಸೊಂಟದಲ್ಲಿ ಕೂಸು ಎತ್ತಿಕೊಂಡ ಶೈಲಾ ಮುಂದೆ ಬಂದಳು.

"ಈ ತಗಡು ನಿನಗ ಬೇಕೇನು? ಇಲ್ಲಂದ್ರ ನಾವ್ ಒಯ್ತೀವಿ."

ಅವಳ ದನಿಯಲ್ಲಿ ಸೇಡೂ ಇರಲಿಲ್ಲ, ಮರುಕವೂ ಇರಲಿಲ್ಲ. ಕಸ್ತೂರಿಬಾಯಿ ಬೇಡವೆಂದು ತಲೆಯಾಡಿಸಿದಳು. ಒಯ್ದರು.

ಹೊಸ ಗೇಟಿನ ಅಳತೆ ಕೊಡುತ್ತಿದ್ದ ಹಿತೇಶನ ಬಳಿ ಹೋಗಿ ಕೇಳಿದಳು: "ಸಾಹೇಬ್ರ, ನಾನೂ ಸಹಿ ಮಾಡಿದ್ನೆಲ್ರೀ?"

"ಅರೆ ಬಾಯಿ, ಅದು ಗಿನತಿಗೆ, ಲೆಕ್ಕ ತುಂಬೋಕೆ. ಪರ್ಸನಲ್ ತಗೋಬೇಡಿ."

ಮಾನಖುರ್ದಿನಲ್ಲಿ ದೂರದ ಸಂಬಂಧಿ ಲಕ್ಷ್ಮವ್ವನ ಖೋಲಿಯ ಬಾಗಿಲ ಬಳಿ ಮಲಗಲು ಜಾಗ ಸಿಕ್ಕಿತು. ಇನ್ನು ಆ ಗಲ್ಲಿಯ ಮುಖ ನೋಡುವುದಿಲ್ಲ ಎಂದಳು. ಎರಡು ತಿಂಗಳು ಅಲ್ಲಿ ಇಲ್ಲಿ ಮನೆಗೆಲಸ ಕೇಳಿದಳು. ಐವತ್ತಾರರ ಹೆಂಗಸು, ಆಧಾರ್ ಕಾರ್ಡಿನಲ್ಲಿ ಈಗಿಲ್ಲದ ವಿಳಾಸ. ಯಾರೂ ಒಳಗೆ ಕರೆಯಲಿಲ್ಲ. ಹಾಸಿಗೆ ಮಡಚುವಾಗಲೆಲ್ಲ ಲಕ್ಷ್ಮವ್ವನ ಸೊಸೆ ಪಾತ್ರೆ ಕುಕ್ಕತೊಡಗಿದಳು.

ಅಷ್ಟರಲ್ಲಿ ವಿಜೇತಾಳ ಫೋನು ಬಂತು. "ಹೊಸಬಳು ಮೂಲೆ ಗುಡಿಸೂದೇ ಇಲ್ಲ ಕಸ್ತೂರಿ. ನಾಳೆಯಿಂದ ಬಾ."

ಕಸ್ತೂರಿಬಾಯಿ ಬಾಗಿಲ ಬಳಿಯ ಹಾಸಿಗೆಯನ್ನು ಮೂಲೆಗೆ ಸರಿಸಿದಳು. ಆಮೇಲೆ "ಬರ್ತೀನ್ರೀ" ಎಂದಳು.

ಮರುದಿನ ಬಸ್ಸಿನಲ್ಲಿ ನಿಂತೇ ಬಂದು, ಗೇಟಿನ ವಾಚ್‌ಮನ್ನಿಗೆ ಹೆಸರು ಬರೆಸಿ, ಮೆಟ್ಟಿಲು ಹತ್ತಿ ಬೆಲ್ ಒತ್ತಿದಳು. ವಿಜೇತಾ ಬಾಗಿಲು ತೆರೆದು ಗೋಡೆಯ ಗಡಿಯಾರ ನೋಡಿದಳು.

"ಮೊದಲು ಏಳಕ್ಕೆಲ್ಲ ಬರ್ತಿದ್ದೆ ನೀನು. ಈಗೆಂತ ಲೇಟು?"