ಅಕ್ಕೋರ ಕತ್ತಲೆ ಕೋಣೆ

ಮೊನ್ನೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಕಣ್ಣಿನ ದವಾಖಾನೆಯಲ್ಲಿ ಯಂತ್ರದ ಪಟ್ಟಿಗೆ ಗದ್ದ ಊರಲು ಹೇಳಿದರು. ಪಟ್ಟಿಯನ್ನು ಆಗತಾನೇ ಸ್ಪಿರಿಟ್ ಹಚ್ಚಿ ಒರೆಸಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಎದೆ ಹೊಡೆದುಕೊಂಡಿತು. ಹೆದರಬೇಡಿ ಅಂದರು ಡಾಕ್ಟರು. ಆ ಹೆದರಿಕೆ ಇವತ್ತಿನದಲ್ಲ, ಮಕ್ಕಳೇ...

ನಾನು ಮದುವೆಯಾಗಿ ಕಮಲಾಪುರಕ್ಕೆ ಬಂದ ಹೊಸತು. ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಕಲಬುರಗಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಊರವರಂತೆ ನಾನೂ ಅವರನ್ನು ಅಕ್ಕೋರು ಅನ್ನುತ್ತಿದ್ದೆ. ಕಣ್ಣು ಹೇಗೆ ಮೋಸಹೋಗುತ್ತದೆ ಎಂಬುದು ಅವರ ಸಂಶೋಧನೆ. ಬೇಸಿಗೆಯೊಳಗೆ ಅದು ಮುಗಿಯದಿದ್ದರೆ ಮದುವೆಗೆ ಒಪ್ಪಬೇಕೆಂದು ಅವರ ಅಪ್ಪ ಮಾತು ತೆಗೆದುಕೊಂಡಿದ್ದರು. ಪಟ್ಟಣದ ಹುಡುಗಿಯರ ಕಣ್ಣಿನ ಅಳತೆ ಆಗಿತ್ತು, ಹಳ್ಳಿಯ ಹೆಂಗಸರದು ಉಳಿದಿತ್ತು. ಅತ್ತೆಯನ್ನು ಕಾಡಿಬೇಡಿ ಮೊದಲು ನನ್ನನ್ನು ತಮ್ಮ ಕಾಲೇಜಿಗೆ ಕರೆದೊಯ್ದರು. ಅತ್ತೆಯೂ ಕಾವಲಿಗೆ ಬಂದರು.

ಕೋಣೆಗೆಲ್ಲ ಕರಿ ಪರದೆ. ಒಂದೇ ದೀಪ. ಎಲ್ಲರಿಗೂ ಅದೇ ದೂರ, ಅದೇ ಬೆಳಕು, ಅವೇ ಮಾತು. ಒಂದು ಬದಲಾದರೂ ಕೆಲಸ ಕೆಡುತ್ತದೆ ಎಂದು ಅಕ್ಕೋರು ಬಸ್ಸಿನಲ್ಲೇ ಹೇಳಿದ್ದರು. ಹಲಗೆಯ ಮೇಲೆ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣ ಒಳಮುಖ, ಇನ್ನೊಂದಕ್ಕೆ ಹೊರಮುಖ. ಒಂದನ್ನು ಅವರು ಉದ್ದ ಮಾಡುತ್ತಾ ಬರುವರು. ಎರಡೂ ಸಮ ಕಂಡಾಗ ನಾನು ಸಾಕು ಅನ್ನಬೇಕು.

ಸ್ಪಿರಿಟ್ ವಾಸನೆಯ ಪಟ್ಟಿಗೆ ಗದ್ದ ಊರಿದೆ. ಅಕ್ಕೋರ ಸಂಶೋಧನೆಗೆ ದಾರಿ ತೋರಿಸುವ ದೊಡ್ಡ ಸರ್ ಪಕ್ಕದಲ್ಲಿ ನಿಂತಿದ್ದರು.

"ಸೆರಗು ಹಣಿ ಮ್ಯಾಲ ಬಂದದ, ನೆರಳು ಬೀಳ್ತದ. ತೆಗೀಲಿ," ಅಂದರು.

ನನ್ನ ಕೈ ಏಳಲಿಲ್ಲ. ಅತ್ತೆ ಎದ್ದರು. "ನಮ್ಮ ಸೊಸಿ ಬರೇ ತಲಿಲೆ ಕೂಡಂಗಿಲ್ರೀ."

"ನಾ ಹೊರಗ ಹೋಗ್ತೀನಿ ತಗೋರಿ," ಅಂದರು ಸರ್.

"ನೀವು ಹೋದ್ರೇನಾತ್ರಿ, ಅತ್ತಿ ನಾ ಇಲ್ಲೇ ಇದೀನಲ್ಲ! ನನ್ನ ಮುಂದೂ ಸೆರಗು ತೆಗಿಯಂಗಿಲ್ಲ. ಕತ್ತಲ ಕೋಣ್ಯಾಗ ಆಕಿನ್ನ ಬಿಟ್ಟು ನಾನೂ ಹೋಗ್ಲೇನು? ಏಳವ್ವಾ, ಬಸ್ಸಿಗೆ ಹೊತ್ತಾತು."

"ಈಕಿನ್ನ ಬಿಡ್ರಿ, ಬ್ಯಾರೆದಾಕಿನ್ನ ಕರೀರಿ," ಅಂದರು ಸರ್.

ಅಕ್ಕೋರು ನನ್ನ ಸೆರಗಿನ ಕಡೆ ತಿರುಗಿದರು.

"ಬ್ಯಾರೆದಾಕೀನೂ ಹಿಂಗ ಬರ್ತಾಳ್ರಿ ಸರ್. ಇವರು ದಿನಾ ನೋಡೋದೇ ಸೆರಗಿನ ಕೆಳಗಿಂದ. ಅದನ್ನ ತೆಗೆಸಿ ಯಾರ ಕಣ್ಣು ಅಳೀಲಿ?"

"ಪಟ್ಟಣದ ಹುಡುಗ್ಯಾರು ಬರೇ ತಲಿಲೆ ಕುಂತಿದ್ರಲ್ಲ?"

"ಅವರಿಗೂ ಹಣಿ ಮ್ಯಾಲ ಅಷ್ಟೇ ಅಡ್ಡ ಬಟ್ಟಿ ಕಟ್ಟಿ, ಮೊದಲಿಂದ ಮಾಡ್ತೀನ್ರಿ."

"ಹಿಂದಿಂದೆಲ್ಲ ನೀರಾಗ ಹೋಗ್ತದ. ಬ್ಯಾಸಿಗಿ ಎಷ್ಟ ಉಳದದ?"

"ಗೊತ್ತದ್ರಿ."

ಅಕ್ಕೋರು ಪರದೆಯ ಅಂಚು ಕತ್ತರಿಸಿ, ನನ್ನ ಹುಬ್ಬಿನ ಮೇಲೆ ಬರುವಂತೆ ಗದ್ದದ ಪಟ್ಟಿಯ ಚೌಕಟ್ಟಿಗೆ ಕಟ್ಟಿದರು. ಸೆರಗು ಅದರ ಹಿಂದೆ ಹಾಗೇ ಉಳಿಯಿತು.

"ನಿನಗ ಕಂಡಂಗ ಹೇಳು. ನನ್ನ ಮಾರಿ ನೋಡಬ್ಯಾಡ."

ಗೆರೆ ಬೆಳೆಯುತ್ತಾ ಬಂತು. ಅವರ ಇಡೀ ಬೇಸಿಗೆ ನನ್ನ ಒಂದು ಮಾತಿಗೆ ಕಾದು ನಿಂತಂತೆ... "ಸಾಕ್ರೀ," ಅಂದೆ.

ಬೇಸಿಗೆ ಸಾಲಲಿಲ್ಲ. ಕಾಲೇಜಿನ ಪರೀಕ್ಷೆ ಮುಗಿದು ಪಟ್ಟಣದ ಹುಡುಗಿಯರು ಚದುರಿಹೋದರು; ಅವರ ಸರದಿ ಎರಡನೇ ಸಲ ಬರಲೇ ಇಲ್ಲ. ಅಕ್ಕೋರ ಅಪ್ಪ ಸೋಲಾಪುರದ ಕಡೆ ಗಂಡು ಗೊತ್ತುಮಾಡಿ ಬಂದರು. ಹೊರಡುವ ದಿನ ಅತ್ತೆಗೇ ತಡೆಯಲಾಗಲಿಲ್ಲ.

"ಆ ಹುಡುಗ್ಯಾರ ಹಳೇ ಅಳತೀನೇ ಇಟ್ಕೊಂಡಿದ್ರ ಪಾಸಾಗ್ತಿದ್ದಿಯಲ್ಲವ್ವಾ?"

"ಆಗ್ತಿದ್ದೆ ಅಮ್ಮಾ. ಆದ್ರ ಅದು ಖರೇ ಇರ್ತಿರ್ಲಿಲ್ಲ."

ಈಗ ಅತ್ತೆ ಇಲ್ಲ, ನಿಮ್ಮ ಅಜ್ಜ ಇಲ್ಲ. ಅಕ್ಕೋರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಅವರು ಬರೆಯಬೇಕಿದ್ದ ಪುಸ್ತಕ ಯಾವ ಕಪಾಟಿನಲ್ಲೂ ಇಲ್ಲ, ಮಕ್ಕಳೇ. ನಾನು ಸಾಕು ಅಂದಾಗ ಆ ಗೆರೆ ಎಷ್ಟು ಉದ್ದವಿತ್ತೆಂದು ಹೇಳುವವರು ಈಗ ಯಾರೂ ಉಳಿದಿಲ್ಲ.